ಗೋಡೆಯಾಚೆಯ ನಗು

ಫೆಬ್ರವರಿ 6, ಶುಕ್ರವಾರ

ನಾನು ಈ ಚಿತ್ರಮಂದಿರದ ಯಜಮಾನಿ. ಯಜಮಾನರು ತೀರಿಕೊಂಡ ಮೇಲೆ ಆದವಳಲ್ಲ, ಅವರು ಇದ್ದಾಗಲೇ ಆಗಿದ್ದವಳು. ಈ ಮಾತನ್ನು ಅವರೂ ಒಪ್ಪುತ್ತಿದ್ದರು. ಓದಿದ್ದು ಹೈಸ್ಕೂಲಿನವರೆಗೆ. ಆದರೂ ಕಾಲೇಜು ಮೆಟ್ಟಿಲು ಹತ್ತಿಳಿದವರೆಲ್ಲ ನನ್ನ ಕಿಟಕಿಯ ಮುಂದೆ ಸೊಂಟ ಬಗ್ಗಿಸಿಯೇ ಟಿಕೆಟ್ ಕೇಳಬೇಕು. ಕಿಟಕಿಯನ್ನು ಅಷ್ಟು ತಗ್ಗಿನಲ್ಲಿ ಇಡಿಸಿದ್ದು ನಾನೇ. ಮೂವರನ್ನು ಹೆತ್ತೆ. ಹಿರಿಯವನನ್ನು ಸೈನ್ಯಕ್ಕೆ ಕೊಟ್ಟೆ, ಅವನು ಮರಳಲಿಲ್ಲ. ಮಗಳು ಶಾಲೆಯಲ್ಲಿ ಟೀಚರು. ಚಿಕ್ಕವನು ಸಿನಿಮಾ ನಿರ್ದೇಶಕ. ನಾನು ಅಳುವವಳಲ್ಲ. ಇದು ಊರಿಗೆಲ್ಲ ಗೊತ್ತು.

ವಿತರಕರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ನನ್ನ ಸರಿಸಮಕ್ಕೆ ಮಾತಾಡುವವರು ಮನೆಯಲ್ಲಿ ಯಾರೂ ಉಳಿದಿಲ್ಲವಾದ್ದರಿಂದ ಇದರೊಡನೆ ಮಾತಾಡುತ್ತೇನೆ.

ಇವತ್ತು ಚಿಕ್ಕವನ ಸಿನಿಮಾ ಬಿಡುಗಡೆ. ಅಣ್ಣನ ಕಥೆ, ಯುದ್ಧದ ಕಥೆ. ಎಲ್ಲ ಆಟಗಳೂ ತುಂಬಿದವು. ಎಲ್ಲರೂ ಕೇಳಿದರು, ನೀವು ಒಳಗೆ ಕೂತು ನೋಡುವುದಿಲ್ಲವೇ ಎಂದು. ನಾನು ಯಾವ ಸಿನಿಮಾವನ್ನೂ ಕೂತು ನೋಡಿದವಳಲ್ಲ. ನಮ್ಮಲ್ಲಿ ಸಭಾಂಗಣದ ದೀಪಗಳ ಸ್ವಿಚ್ಚು ಇರುವುದು ಟಿಕೆಟ್ ಕೋಣೆಯಲ್ಲಿ, ನನ್ನ ಬಲಗೈ ಪಕ್ಕ. ಮೇಲಿನಿಂದ ಆಪರೇಟರ್ ಒಂದು ಸಲ ಬೆಲ್ ಒತ್ತಿದರೆ ದೀಪ ಆರಿಸಬೇಕು, ಎರಡು ಸಲ ಒತ್ತಿದರೆ ಹಚ್ಚಬೇಕು. ಮದುವೆಯಾಗಿ ಬಂದ ವರ್ಷದಿಂದ ಈ ಊರಿಗೆ ಕತ್ತಲೆ ಮಾಡುತ್ತಾ ಬಂದಿರುವವಳು ನಾನೇ ಎಂದು ಯಜಮಾನರು ತಮಾಷೆ ಮಾಡುತ್ತಿದ್ದರು.

ನನ್ನ ಬೆನ್ನ ಹಿಂದಿನ ಗೋಡೆಯೇ ಸಭಾಂಗಣದ ಗೋಡೆ. ಅದಕ್ಕೆ ಬೆನ್ನು ಕೊಟ್ಟು ಕೂತರೆ ಸಾಕು. ಸೀಟುಗಳು ಕಿರುಗುಟ್ಟಿದರೆ ಕಥೆ ಎಳೆದಿದೆ. ಕೆಮ್ಮು ಎದ್ದರೆ ಹಾಡು ಸರಿಯಿಲ್ಲ. ಉಸಿರೂ ಕೇಳದಿದ್ದರೆ ಆ ಸಿನಿಮಾ ಗೆದ್ದಂತೆ. ಪತ್ರಿಕೆಯವರು ಮರುದಿನ ಬರೆಯುವುದನ್ನು ನಾನು ಮೊದಲ ಆಟದಲ್ಲೇ ಹೇಳಬಲ್ಲೆ. ಗೋಡೆ ನನಗೆ ಯಾವತ್ತೂ ಸುಳ್ಳು ಹೇಳಿಲ್ಲ.

ಇವತ್ತು ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಗೋಡೆ ನಡುಗಿತು. ಅಂಥ ಚಪ್ಪಾಳೆಯನ್ನು ನಾನು ಈಚೆಗೆ ಕೇಳಿರಲಿಲ್ಲ. ಆಚೆ ಬಂದವರು ಹೇಳಿದರು: ನಾಯಕನ ತಾಯಿ ಮಗನ ಪೆಟ್ಟಿಗೆಯ ಮುಂದೆ ಒಂದು ಹನಿ ಕಣ್ಣೀರು ಹಾಕದೆ, "ಒಬ್ಬನನ್ನು ಕೊಟ್ಟೆ, ಇನ್ನೊಬ್ಬ ಮನೆಯಲ್ಲಿದ್ದಾನೆ, ಯಾವಾಗ ಕಳಿಸಲಿ?" ಎನ್ನುತ್ತಾಳಂತೆ. ಆ ತಾಯಿ ನಾನು. ನಾನು ಹಾಗೆ ಹೇಳಿರಲಿಲ್ಲ. ಆದರೆ ಹೇಳುವವಳ ಹಾಗೆ ಇದ್ದೆ ಎಂದು ನನ್ನ ಮಗನಿಗೆ ಅನಿಸಿದೆಯಲ್ಲ, ಅಷ್ಟು ಸಾಕು.

ಫೆಬ್ರವರಿ 7, ಶನಿವಾರ

ಎರಡು ಪತ್ರಿಕೆ ತರಿಸಿದೆ. ಒಂದರಲ್ಲಿ, ಪ್ರತಿ ಮನೆಯವರೂ ನೋಡಲೇಬೇಕಾದ ಸಿನಿಮಾ, ಈ ತಾಯಿಗೆ ಸಾಷ್ಟಾಂಗ ಎಂದು ಬರೆದಿದ್ದಾರೆ. ಇನ್ನೊಂದರಲ್ಲಿ, ಇದು ದ್ವೇಷದ ಡೋಲು, ಚುನಾವಣೆ ಹತ್ತಿರ ಬಂದಾಗ ಬಾರಿಸಲು ಕಟ್ಟಿದ್ದು ಎಂದಿದೆ. ಅಲ್ಲಿಗೇ ಓದುವುದನ್ನು ನಿಲ್ಲಿಸಿ ಆ ಹಾಳೆಯನ್ನು ಕ್ಯಾಂಟೀನಿಗೆ ಕೊಟ್ಟೆ, ಎಣ್ಣೆ ಒರೆಸಲು. ಬರೆದವನು ಯಾರೆಂದು ನನಗೆ ಗೊತ್ತು. ದಪ್ಪ ಕನ್ನಡಕದವನು, ಹುಡುಗನಾಗಿದ್ದಾಗ ಮುಂದಿನ ಬೆಂಚಿನ ಟಿಕೆಟ್ ತೆಗೆದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವನು. ಕದ್ದು ನೋಡಿ ಕಲಿತವನ ವಿಮರ್ಶೆ ಇನ್ನೇನಾಗಿರುತ್ತದೆ?

ಮೈದುನ ತನ್ನ ಬೆಳಗಿನ ನಡಿಗೆಯ ಗೆಳೆಯರನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಎರಡನೆಯ ಸಲ ನೋಡುತ್ತಿದ್ದಾನೆ. ಆಚೆ ಬಂದಾಗ ಅವನ ಗಂಟಲು ಬಿದ್ದುಹೋಗಿತ್ತು. "ಅತ್ತಿಗೆ, ನೀವು ಇನ್ಮೇಲೆ ಟಿಕೆಟ್ ಕೊಡೋದಲ್ಲ, ಆಶೀರ್ವಾದ ಕೊಡಬೇಕು" ಎಂದ. ಗೆಳೆಯರಲ್ಲಿ ಒಬ್ಬ ನಿಜವಾಗಿಯೂ ಕಿಟಕಿಯೊಳಗೆ ತಲೆ ಚಾಚಿದ.

ನಿಜ ಹೇಳಬೇಕೆಂದರೆ ಹಿರಿಯವನು ಗುಂಡಿನಿಂದ ಸತ್ತದ್ದಲ್ಲ. ಗಡಿಯ ಮೇಲಿನ ಕಾವಲುಮನೆಯ ಮೇಲೆ ಹಿಮ ಕುಸಿಯಿತು. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಸಿನಿಮಾದಲ್ಲಿ ಅವನು ಒಂದು ಇಡೀ ತುಕಡಿಯನ್ನು ಮುಗಿಸಿ ಸಾಯುತ್ತಾನೆ. ಇರಲಿ. ಹಿಮವನ್ನು ಯಾರು ದುಡ್ಡು ಕೊಟ್ಟು ನೋಡುತ್ತಾರೆ?

ಫೆಬ್ರವರಿ 11, ಬುಧವಾರ

ಹಿರಿಯ ಸೊಸೆಯ ಮೇಲೆ ರೇಗಬೇಕಾಯಿತು. ಕ್ಯಾಂಟೀನು ನೋಡಿಕೊಳ್ಳುವವಳು ಅವಳು. ಮೊದಲ ದಿನ ಬಾಗಿಲಲ್ಲಿ ನಿಂತು ಸಿನಿಮಾ ನೋಡಿದಳು. ಅಂದಿನಿಂದ ಮಧ್ಯಂತರದ ವ್ಯಾಪಾರ ಮುಗಿದದ್ದೇ ತಡ, ಶಟರ್ ಎಳೆದು ಮನೆಗೆ ಹೋಗಿಬಿಡುತ್ತಾಳೆ. ಏನಮ್ಮಾ ಎಂದರೆ ತಲೆನೋವು ಎಂದಳು. ದಿನಾ ಅದೇ ಹೊತ್ತಿಗೆ ಬರುವ ತಲೆನೋವು ಯಾವುದು? ಗಂಡ ಹೋದ ಮೇಲೆ ತವರಿಗೆ ಕಳಿಸದೆ ಮಗಳ ಹಾಗೆ ಇಟ್ಟುಕೊಂಡೆ. ಸಿನಿಮಾದಲ್ಲಿ ತಾಯಿಗೆ ಚಪ್ಪಾಳೆ ಬಿತ್ತು, ಹೆಂಡತಿಗೆ ಎರಡೇ ಸೀನು. ಹೊಟ್ಟೆಯುರಿ ಎನ್ನುವುದು ಎಲ್ಲರಿಗೂ ಇರುತ್ತದೆ. ಅವಳಿಗೂ ಇರುತ್ತದೆಂದು ನಾನು ಅಂದುಕೊಂಡಿರಲಿಲ್ಲ, ಅಷ್ಟೆ.

ಗೋಡೆ ಇನ್ನೊಂದು ವಿಷಯ ಹೇಳುತ್ತಿದೆ. ದ್ವಿತೀಯಾರ್ಧದಲ್ಲಿ, ಗುಂಡಿನ ಸದ್ದೆಲ್ಲ ನಿಂತು ಎಲ್ಲೋ ನಾಯಿ ಬೊಗಳಿದ ಮೇಲೆ, ಒಂದು ದೊಡ್ಡ ನಗು ಏಳುತ್ತದೆ. ಬಿದ್ದು ಬಿದ್ದು ನಗುತ್ತಾರೆ. ಚಿಕ್ಕವನು ಜಾಣ. ಯುದ್ಧದ ನಡುವೆ ಹಾಸ್ಯ ಇಟ್ಟಿದ್ದಾನೆ. ಬರೀ ಖಾರ ಉಣಿಸಿದರೆ ಜನ ಏಳುತ್ತಾರೆಂದು ಅವನಿಗೆ ನಾನೇ ಚಿಕ್ಕಂದಿನಲ್ಲಿ ಹೇಳಿದ್ದೆ.

ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ, ಸಂಸಾರ ಸಮೇತ ಬನ್ನಿ, ಒಳ್ಳೆ ಕಾಮಿಡಿಯೂ ಇದೆ ಎಂದು.

ಫೆಬ್ರವರಿ 15, ಭಾನುವಾರ

ಮಗಳು ಬಂದಿದ್ದಳು. ಜಗಳಕ್ಕೇ ಬಂದಿದ್ದು. ಅವಳ ತರಗತಿಯಲ್ಲಿ ಒಂದು ಹುಡುಗಿ ಇದ್ದಾಳಂತೆ. ಅದರ ಅಜ್ಜಿ ಗಡಿಯಾಚೆ ಹುಟ್ಟಿದವಳು, ಮದುವೆಯಾಗಿ ಈಚೆಗೆ ಬಂದವಳು. ಈಗ ಮಕ್ಕಳು ಆ ಹುಡುಗಿಯ ಪಕ್ಕ ಕೂರುವುದಿಲ್ಲ. ಊಟದ ಡಬ್ಬಿ ತೆರೆದರೆ ಸುತ್ತ ನಿಂತು, "ಊದಜ್ಜಿ, ಜೋರಾಗಿ ಊದು" ಎಂದು ರೇಗಿಸುತ್ತಾರೆ. ಅದು ಸಿನಿಮಾದ ಮಾತಂತೆ. ಅಜ್ಜಿಯನ್ನು ಶಾಲೆಯ ಗೇಟಿಗೆ ಬರಬೇಡವೆಂದು ಹುಡುಗಿ ಹೇಳಿದೆಯಂತೆ.

ಮಕ್ಕಳು ಎಲ್ಲದಕ್ಕೂ ರೇಗಿಸುತ್ತವೆ ಎಂದೆ. ನಿನ್ನನ್ನೂ ಟಾಕೀಸು ಹುಡುಗಿ ಎಂದು ರೇಗಿಸುತ್ತಿರಲಿಲ್ಲವೇ, ಅದರಿಂದ ನಿನ್ನ ಮೂಗೇನು ಉದುರಿತೇ?

"ಅಣ್ಣ ಬದುಕಿದ್ದಿದ್ರೆ ಈ ಸಿನಿಮಾನ ಮೆಚ್ತಿದ್ನಾ, ಹೇಳು" ಎಂದಳು.

ಬದುಕಿದ್ದಿದ್ದರೆ ಈ ಸಿನಿಮಾವೇ ಇರುತ್ತಿರಲಿಲ್ಲ. ಹಾಗೆಂದದ್ದಕ್ಕೆ ಚೀಲ ಎತ್ತಿಕೊಂಡು ಹೊರಟಳು. ತಮ್ಮನ ಏಳಿಗೆ ಕಂಡು ಸಹಿಸದವಳು ಅಕ್ಕನೇ? ಮೆಟ್ಟಿಲವರೆಗೂ ಹೋಗಿ ಕಳಿಸುತ್ತಿದ್ದೆ, ಇವತ್ತು ಹೋಗಲಿಲ್ಲ.

ಫೆಬ್ರವರಿ 18, ಬುಧವಾರ

ಚಿಕ್ಕವನ ಫೋನು. ಮಾರ್ಚ್ ಒಂದಕ್ಕೆ ಇಲ್ಲಿಯೇ ವಿಜಯೋತ್ಸವ. ನಿರ್ಮಾಪಕರು, ನಟರು ಎಲ್ಲ ಬರುತ್ತಾರೆ. ವೇದಿಕೆಯ ಮೇಲೆ ನನಗೆ ಸನ್ಮಾನ. ಅದೇ ದಿನ ಅವನ ಮುಂದಿನ ಸಿನಿಮಾದ ಘೋಷಣೆ, ಇನ್ನೂ ದೊಡ್ಡದು. "ಅಮ್ಮ, ಎಲ್ಲಾ ನಿನ್ನ ಮುಖ ನೋಡಿ ಕೊಡ್ತಿರೋದು" ಎಂದ. ಮಾತಿನಲ್ಲಿ ಸುಸ್ತಿತ್ತು. ಸಿನಿಮಾ ನೋಡಿದೆಯಾ ಎಂದು ಮೆಲ್ಲಗೆ ಕೇಳಿದ. ಗೋಡೆ ಹೇಳುತ್ತಿದೆಯಲ್ಲ ಎಂದೆ. ನಕ್ಕ. ಅದು ಹಗುರಾದವನ ನಗುವಿನ ಹಾಗಿತ್ತು.

ಆಮೇಲೆ ಕ್ಯಾಂಟೀನಿಗೆ ಹೋದೆ. ಸೊಸೆ ಬಿಸಿ ಚಹಾ ಊದಿಕೊಂಡು ಕುಡಿಯುತ್ತಿದ್ದಳು. ನಾನು ಖುಷಿಯಲ್ಲಿದ್ದೆ. ಬೀದಿಯಲ್ಲಿ ಹುಡುಗರ ಬಾಯಲ್ಲಿ, ಬೈಕು ಸ್ಟಾರ್ಟಾಗದವನನ್ನು ಕಂಡರೂ ಗೋಲೀಸೋಡ ಮುಚ್ಚಳ ತೆಗೆಯುವವನನ್ನು ಕಂಡರೂ ಅದೇ ಮಾತಲ್ಲವೇ. ನಾನೂ ಅಂದೆ: "ಜೋರಾಗಿ ಊದಜ್ಜಿ, ಹೊತ್ತಿಕೊಂಡೀತು."

ಪಕ್ಕದಲ್ಲಿದ್ದ ಆಪರೇಟರ್ ನಗಲಿಲ್ಲ. ಸೊಸೆ ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋದಳು. ಅತ್ತೆ ಗದರಿದರೂ ತಪ್ಪು, ತಮಾಷೆ ಮಾಡಿದರೂ ತಪ್ಪು.

ಫೆಬ್ರವರಿ 20, ಶುಕ್ರವಾರ

ಕನ್ನಡಕದವನು ಬಂದಿದ್ದ. ಕಿಟಕಿಯಲ್ಲಿ ಬಗ್ಗಿ ಒಂದು ಟಿಕೆಟ್ ಎಂದ. ಡೋಲು ಕೇಳಲು ದುಡ್ಡು ಯಾಕೆ ಹಾಳುಮಾಡುತ್ತೀಯಪ್ಪಾ ಎಂದು ಕೇಳಿದೆ. ಜಗಳಕ್ಕೆ ಬಂದಿಲ್ಲವೆಂದ. ಇಡೀ ಸಿನಿಮಾದಲ್ಲಿ ಒಂದೇ ಒಂದು ನಿಮಿಷ ನಿಜವಿದೆ, ಅದನ್ನು ಇನ್ನೊಮ್ಮೆ ನೋಡಬೇಕು, ಅದನ್ನೂ ಬರೆದಿದ್ದೇನಲ್ಲ, ಓದಲಿಲ್ಲವೇ ಎಂದ. ನಾನು ಟಿಕೆಟ್ ಕೊಡಲಿಲ್ಲ.

"ಅಮ್ಮಾ, ನೀವು ನೋಡಿದೀರಾ?"

ನನ್ನ ಮನೆ ಸಿನಿಮಾ ನಾನು ನೋಡಿ ತಿಳಿಯಬೇಕಾಗಿಲ್ಲ ಎಂದು ಕಿಟಕಿ ಮುಚ್ಚಿದೆ. ಹಿಂದೆ ನಿಂತವರು ಅವನನ್ನು ಬೈದು ಅಟ್ಟಿದರು. ಒಬ್ಬ ಅವನ ಕನ್ನಡಕಕ್ಕೆ ಕೈ ಹಾಕಿದ್ದೂ ಕಂಡಿತು. ಕಂಡೂ ನಾನು ಕಿಟಕಿ ತೆರೆಯಲಿಲ್ಲ.

ಎಲ್ಲರಿಗೂ ಒಂದೇ ಪ್ರಶ್ನೆ, ನೋಡಿದೆಯಾ, ನೋಡಿದೆಯಾ.

ಫೆಬ್ರವರಿ 21, ಶನಿವಾರ

ಮಧ್ಯಂತರ ಮುಗಿದು ದೀಪ ಆರಿಸಿದ ಮೇಲೆ ಸೊಸೆ ಟಿಕೆಟ್ ಕೋಣೆಗೆ ಬಂದಳು. ಬರುವವಳಲ್ಲ. ಬಾಗಿಲಲ್ಲೇ ನಿಂತು ಕೇಳಿದಳು.

"ಅತ್ತೆ, ಮೊನ್ನೆ ಒಂದು ಮಾತು ಅಂದ್ರಲ್ಲ. ಅದು ಸಿನಿಮಾದಲ್ಲಿ ಎಲ್ಲಿ ಬರುತ್ತೆ ಗೊತ್ತಾ?"

ಕಾಮಿಡಿಯಲ್ಲಿ ಎಂದೆ.

"ಹೋಗಿ ನೋಡಿ. ಇಲ್ಲಿ ನಾನು ಕೂತಿರ್ತೀನಿ."

ಹೇಳಿದ ರೀತಿ ನನಗೆ ಹಿಡಿಸಲಿಲ್ಲ. ಹೋದೆ.

ನೋಡಿದೆ.

ಫೆಬ್ರವರಿ 22, ಭಾನುವಾರ

ಭಾನುವಾರ. ಎಲ್ಲ ಆಟ ತುಂಬಿದ್ದವು. ಗೋಡೆಗೆ ಬೆನ್ನು ಕೊಡದೆ, ಕುರ್ಚಿ ಮುಂದಕ್ಕೆ ಎಳೆದು ಕೂತೆ. ಆದರೂ ಕೇಳಿಸಿತು.

ಫೆಬ್ರವರಿ 24, ಮಂಗಳವಾರ

ಬರೆಯದಿದ್ದರೆ ಇದು ನನ್ನೊಳಗೇ ಕೊಳೆಯುತ್ತದೆ.

ಹಿರಿಯವನ ಪೆಟ್ಟಿಗೆಯನ್ನು ನಡುಮನೆಯಲ್ಲಿ ಇಳಿಸಿದಾಗ, ತೆರೆಯಬೇಡಿ ಎಂದು ಜೊತೆಗೆ ಬಂದ ಅಧಿಕಾರಿ ಹೇಳಿದ. ನನ್ನ ಮನೆಯಲ್ಲಿ ನನಗೆ ಬೇಡವೆನ್ನುವವನು ನೀನು ಯಾರು ಎಂದು ತೆರೆಸಿದೆ. ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಹಾಕಿದೆ. ಸೊಸೆ ಮಾತ್ರ ಮೂಲೆಯಲ್ಲಿದ್ದಳು. ಅವನ ಒಂದು ಕಾಲಿಗೆ ಕಾಲುಚೀಲ ಇರಲಿಲ್ಲ. ಚಿಕ್ಕಂದಿನಿಂದ ಅವನಿಗೆ ಕಾಲು ಬೇಗ ತಣ್ಣಗಾಗುತ್ತಿತ್ತು. ನನ್ನ ಕಂಕುಳಲ್ಲಿ ಪಾದ ಇಟ್ಟುಕೊಂಡು, ಬೆರಳುಗಳಿಗೆ ಊದಿ ಊದಿ ಮಲಗಿಸುತ್ತಿದ್ದೆ. ಅವತ್ತೂ ಪಾದವನ್ನು ಕಂಕುಳಲ್ಲಿ ಇಟ್ಟುಕೊಂಡೆ. ಊದಿದೆ. ನನ್ನ ಬಾಯಿಂದ ಎಂಥೆಂಥ ಸದ್ದು ಬಂದವೋ, ನನ್ನವೇ ಎಂದು ನನಗೂ ಗೊತ್ತಾಗಲಿಲ್ಲ. ಇಷ್ಟು ಹೊತ್ತಿನವರೆಗೆ ಯಾರೂ ಇದಕ್ಕೊಂದು ಚೀಲ ಹಾಕಲಿಲ್ಲವಲ್ಲ ಎಂದು ಬೈದೆ. ಆಮೇಲೆ ಮುಖ ತೊಳೆದು ಬಾಗಿಲು ತೆರೆದೆ. ಊರು ನೋಡಿದ್ದು ಆ ಮುಖವನ್ನು.

ಸಿನಿಮಾದಲ್ಲಿ ನನ್ನ ಹೆಸರಿನ ತಾಯಿ ಮುಖ ತೊಳೆದವಳು. ಬಾಗಿಲ ಹಿಂದಿನವಳನ್ನು ಗಡಿಯಾಚೆ ಇಟ್ಟಿದ್ದಾನೆ.

ಗುಂಡು ನಿಲ್ಲುತ್ತದೆ. ನಾಯಿ ಬೊಗಳುತ್ತದೆ. ಶತ್ರುಗಳ ಊರಿನಲ್ಲಿ ಒಬ್ಬ ಮುದುಕಿ ತನ್ನ ಸತ್ತ ಮಗನ ಪಾದ ಹುಡುಕಿ, ಬೂಟು ಕಳಚಿ, ಕಂಕುಳಲ್ಲಿ ಇಟ್ಟುಕೊಂಡು ಊದುತ್ತಾಳೆ. ಅದೇ ಬಗ್ಗು, ಅದೇ ಸದ್ದು. ಚೀಲ ಯಾಕೆ ಹಾಕಲಿಲ್ಲ ಎಂದು ಬೈಯುತ್ತಾಳೆ. ನಾಯಕನ ಗೆಳೆಯ ಬಂದೂಕು ಹೆಗಲಿಗೆ ಹಾಕಿಕೊಂಡು ಹೋಗುತ್ತಾ ತಿರುಗಿ ನೋಡಿ ಹೇಳುತ್ತಾನೆ: ಜೋರಾಗಿ ಊದಜ್ಜಿ, ಹೊತ್ತಿಕೊಂಡೀತು.

ಎಲ್ಲರೂ ನಕ್ಕರು. ನನ್ನ ಮೈದುನ ಮೂರನೆಯ ಸಾಲಿನಲ್ಲಿ ಕೂತು ತೊಡೆ ತಟ್ಟಿಕೊಂಡು ನಕ್ಕ. ಕತ್ತಲೆಯಲ್ಲಿ ಅವರ ಬೆನ್ನುಗಳು ಕುಲುಕುವುದನ್ನು ನೋಡುತ್ತಾ ನಾನು ಹಿಂದಿನ ಬಾಗಿಲ ಪಕ್ಕ ನಿಂತಿದ್ದೆ. ಆ ಕತ್ತಲೆಯನ್ನು ಮಾಡಿಕೊಟ್ಟವಳು ನಾನು.

ಗೋಡೆ ಸುಳ್ಳು ಹೇಳಿರಲಿಲ್ಲ. ನಗುತ್ತಿದ್ದಾರೆ ಎಂದಿತ್ತು. ಯಾರನ್ನು ಎಂದು ನಾನು ಕೇಳಿರಲಿಲ್ಲ.

ಇವತ್ತು ಸೊಸೆ ಚಹಾ ತಂದಿಟ್ಟಳು. ಇಬ್ಬರೂ ಆರುವವರೆಗೆ ಕಾದು ಕುಡಿದೆವು.

ಫೆಬ್ರವರಿ 26, ಗುರುವಾರ

ಚಿಕ್ಕವನನ್ನು ಕರೆಸಿದೆ. ಬಂದವನೇ ನನ್ನ ಮುಖ ನೋಡಿ, ನೋಡಿದೆಯಲ್ಲ ಎಂದ. ಕೂತುಕೋ ಎಂದೆ. ಕೂರಲಿಲ್ಲ.

ಆ ದಿನ ಅವನಿಗೆ ಹದಿನೈದು. ಆಚೆ ಕಳಿಸಿದ್ದೆ, ಹೋಗಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದನಂತೆ. "ನಾನು ಈ ಜನ್ಮದಲ್ಲಿ ನೋಡಿದ ದೊಡ್ಡ ದುಃಖ ಅದೊಂದೇ ಅಮ್ಮ. ಕ್ಯಾಮೆರಾ ಕೈಗೆ ಬಂದ್ಮೇಲೆ ಅದನ್ನ ತೆಗೀದೆ ಇರೋಕೆ ಆಗ್ಲಿಲ್ಲ."

ಹಾಗಿದ್ದರೆ ನನಗೇ ಯಾಕೆ ಕೊಡಲಿಲ್ಲ ಎಂದು ಕೇಳಿದೆ.

"ನಮ್ಮ ಕಡೆ ತಾಯಿ ಅಳಬಾರದು ಅಂದ್ರು."

"ಯಾರು?"

"ನಿರ್ಮಾಪಕರು. ಎಲ್ರೂ."

ಗಡಿಯಾಚೆಯ ಮುದುಕಿಯ ಸೀನನ್ನು ಅವನು ಹೃದಯವಿಟ್ಟೇ ತೆಗೆದನಂತೆ. ಆಡಿದ ನಟಿ ಎರಡು ದಿನ ಸುಧಾರಿಸಿಕೊಳ್ಳಲಿಲ್ಲವಂತೆ. ಆ ಮಾತು ಆಮೇಲೆ ಎಡಿಟಿಂಗಿನಲ್ಲಿ ಸೇರಿಕೊಂಡಿತಂತೆ. ಸೀನು ಉಳಿಯಬೇಕಾದರೆ ನಗು ಬೇಕು, ಇಲ್ಲದಿದ್ದರೆ ಸೀನೇ ಬೇಡ ಎಂದರಂತೆ. ಇವನು ಬರೆದದ್ದಲ್ಲವಂತೆ. ಅಂತೆ, ಅಂತೆ. ಹೆಣವನ್ನೂ ತೂಕಕ್ಕೆ ಹಾಕಿ ವ್ಯಾಪಾರ ಮಾಡಿದ್ದಾರೆ, ಕೈ ಮಾತ್ರ ಯಾರದೂ ಅಲ್ಲ.

"ಬೇಡ ಅಂದೆಯಾ?" ಎಂದು ಕೇಳಿದೆ.

ನನ್ನ ಸ್ವಿಚ್ಚಿನ ಹಲಗೆಯ ಕಡೆ ತಿರುಗಿದ. ಅನ್ನಲಿಲ್ಲ ಎಂದ.

ಆ ಮಾತನ್ನು ಈಗಲಾದರೂ ತೆಗೆಸು ಎಂದೆ. ಕೈಮೀರಿದೆ, ಎಲ್ಲ ಊರಲ್ಲೂ ಓಡುತ್ತಿದೆ, ಜನ ಆ ಮಾತಿಗೇ ಎರಡನೇ ಸಲ ಬರುತ್ತಿದ್ದಾರೆ ಎಂದ. ಭಾನುವಾರದ ಸನ್ಮಾನ ತಪ್ಪಿಸಬೇಡ, ಮುಂದಿನ ಸಿನಿಮಾ ಅದರ ಮೇಲೆ ನಿಂತಿದೆ ಎಂದ. ಆಮೇಲೆ ಹಳೆಯ ಸ್ವರದಲ್ಲಿ, "ನನ್ನ ಕಾಲೂ ಹಾಗೇ ಬಿಸಿ ಮಾಡ್ತಿದ್ದೆ ಅಲ್ವಾ ಅಮ್ಮ" ಎಂದ.

ಮಾಡುತ್ತಿದ್ದೆ. ಅದಕ್ಕೇ ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿರುವುದು.

ಹೋಗುವಾಗ ಊಟ ಮಾಡಿಕೊಂಡು ಹೋಗು ಎಂದೆ. ಮಾಡಲಿಲ್ಲ. ನಾನೂ ಮಾಡಲಿಲ್ಲ.

ಫೆಬ್ರವರಿ 27, ಶುಕ್ರವಾರ

ಮಗಳಿಗೆ ಫೋನು ಮಾಡಿದೆ. ಆ ಹುಡುಗಿಯ ಅಜ್ಜಿ ಗೇಟಿಗೆ ಬರುತ್ತಾಳೆಯೇ ಎಂದು ಕೇಳಿದೆ. ಇಲ್ಲ, ಬೀದಿಯ ತಿರುವಿನಲ್ಲಿ ನಿಂತು ಕಾಯುತ್ತಾಳೆ ಎಂದಳು. ಯಾಕೆ ಕೇಳಿದೆ ಎಂದಳು. ಸುಮ್ಮನೆ ಎಂದೆ. ಹಿಮ್ಮಡಿ ನೋವು ಹೇಗಿದೆ ಎಂದು ಕೇಳಿದಳು. ಈ ತಿಂಗಳಲ್ಲಿ ನನ್ನನ್ನು ಸಿನಿಮಾ ಬಿಟ್ಟು ಬೇರೆ ವಿಷಯ ಕೇಳಿದವಳು ಅವಳೊಬ್ಬಳೇ.

ಮಾರ್ಚ್ 1, ಭಾನುವಾರ

ವಿಜಯೋತ್ಸವ ಮುಗಿಯಿತು.

ಬಾಗಿಲಿಗೆ ಹೂವಿನ ಕಮಾನು, ನನ್ನ ಚಿತ್ರದಷ್ಟೇ ದೊಡ್ಡದಾಗಿ ಆ ಸಿನಿಮಾ ತಾಯಿಯ ಚಿತ್ರ, ಎರಡನ್ನೂ ಜೋಡಿಸಿ ಒಂದೇ ಚೌಕಟ್ಟು. ಮೈದುನ ಹೊಸ ಬಟ್ಟೆಯಲ್ಲಿ ಮುಂದಿನ ಸಾಲು. ನಿರ್ಮಾಪಕರು ವೇದಿಕೆಯಿಂದ ಮಹಾತಾಯಿ ಎಂದು ಕರೆದರು. ನನಗೆ ಟಿಕೆಟ್ ಕೋಣೆಯಲ್ಲಿ ಕೆಲಸವಿದೆ ಎಂದು ಹೇಳಿಕಳಿಸಿದೆ. ಅದಕ್ಕೂ ಚಪ್ಪಾಳೆ ಬಿತ್ತು. ಎಂಥ ನಿಗರ್ವಿ ಎಂದರಂತೆ. ಈ ಜನಕ್ಕೆ ಚಪ್ಪಾಳೆ ತಟ್ಟಲು ನೆಪ ಸಾಕು.

ಆಪರೇಟರ್ ಒಂದು ಬೆಲ್ ಒತ್ತಿದ. ದೀಪ ಆರಿಸಿದೆ. ಸಿನಿಮಾ ಶುರುವಾಯಿತು. ಮಧ್ಯಂತರ ಬಂತು, ಹೋಯಿತು. ಗೋಡೆಗೆ ಬೆನ್ನು ಕೊಟ್ಟು ಕೂತೆ. ಗುಂಡು ನಿಂತಿತು. ನಾಯಿ ಬೊಗಳಿತು.

ಮೇಲಿನಿಂದ ಬೆಲ್ ಬರಲಿಲ್ಲ. ಬೆಲ್ ಇಲ್ಲದೆ ನಾನು ಆ ಹಲಗೆ ಮುಟ್ಟಿದ್ದು ಇದೇ ಮೊದಲು. ಎಲ್ಲ ಸ್ವಿಚ್ಚುಗಳನ್ನೂ ಒತ್ತಿದೆ. ಗೋಡೆಯ ದೀಪ, ಚಾವಣಿಯ ದೀಪ, ಮೆಟ್ಟಿಲ ದೀಪ. ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಪರದೆಯ ಕೆಳಗೆ, ಜನರ ಕಡೆ ಮುಖ ಮಾಡಿ ನಿಂತೆ. ಮುದುಕಿಯ ಕೈಗಳು ಮಸುಕಾಗಿ ನನ್ನ ಮೈಮೇಲೆ ಓಡಾಡಿದವು. ಬೆಳಕಿನಲ್ಲಿ ಚಿತ್ರ ಸರಿಯಾಗಿ ಕಾಣದು, ಸದ್ದು ಮಾತ್ರ ಹಾಗೇ ಇರುತ್ತದೆ. ಅವಳು ಊದಿದಳು. ಬೈದಳು. ಆ ಮಾತು ಬಂತು.

ಅಭ್ಯಾಸಬಲದಿಂದ ಕೆಲವರು ನಕ್ಕರು. ನಕ್ಕವರು ತಮ್ಮ ಪಕ್ಕದವರನ್ನು ನೋಡಿದರು, ಆಮೇಲೆ ನನ್ನನ್ನು. ಮೈದುನನ ಬಾಯಿ ತೆರೆದೇ ಇತ್ತು, ನಗು ಮಾತ್ರ ಒಳಗೇ ಉಳಿಯಿತು. ನಾನು ಯಾರಿಗೂ ಕೈ ಮುಗಿಯಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದೆ, ಅಷ್ಟೆ. ನೋಡುತ್ತಾ ನನ್ನ ಮುಖ ಒದ್ದೆಯಾಗಿತ್ತಂತೆ, ಸೊಸೆ ಹೇಳಿದಳು. ಚಾವಣಿಯ ದೀಪಗಳು ಬಹಳ ಬಿಸಿ, ಬೆವರಿರಬೇಕು.

ಸೀನು ಮುಗಿದ ಮೇಲೆ ಹೋಗಿ ದೀಪ ಆರಿಸಿದೆ.

ಚಿಕ್ಕವನು ಓಡಿ ಬಂದ. ಹಿಂದೆ ನಿರ್ಮಾಪಕರ ಕಡೆಯ ಇಬ್ಬರು. ಎಲ್ಲ ಹಾಳಾಯಿತು ಎಂದ. ವಯಸ್ಸಾಗಿದೆ, ಕೈತಪ್ಪಿ ಸ್ವಿಚ್ಚು ಒತ್ತಿದರು ಎಂದು ಹೇಳುತ್ತೇನೆ, ನೀನು ಹೂಂ ಅನ್ನು ಸಾಕು ಎಂದ. ಕೈ ತಪ್ಪಿಲ್ಲ ಎಂದೆ.

"ದಿನಾ ಹೀಗೇ ಮಾಡ್ತೀಯಾ?"

"ಪ್ರತಿ ಆಟಕ್ಕೂ."

"ಇಲ್ಲಿಂದ ಸಿನಿಮಾ ತೆಗೆದುಬಿಡ್ತಾರೆ ಅಮ್ಮ. ಇನ್ನೊಂದು ಕೊಡಲ್ಲ. ನನಗೂ ಕೊಡಲ್ಲ."

"ತೆಗೀಲಿ. ಸಿನಿಮಾ ನಿನ್ನದು. ದೀಪ ನನ್ನದು."

ಅವನು ಅತ್ತ. ನನ್ನ ಮುಂದೆ ಅತ್ತದ್ದು ಅಣ್ಣ ಹೋದ ಮೇಲೆ ಇದೇ ಮೊದಲು. ಹತ್ತಿರ ಕರೆಯಬೇಕೆನಿಸಿತು, ಕರೆಯಲಿಲ್ಲ. ಅಳುವವರು ನಮ್ಮ ಕಡೆಯೂ ಇದ್ದಾರೆಂದು ಅವನಿಗೂ ಸ್ವಲ್ಪ ಗೊತ್ತಾಗಲಿ.

ಕನ್ನಡಕದವನೂ ಬಂದಿದ್ದ, ಕನ್ನಡಕಕ್ಕೆ ದಾರ ಕಟ್ಟಿಕೊಂಡು. ಇದು ಪ್ರತಿಭಟನೆಯೇ ಎಂದು ಪೆನ್ನು ತೆಗೆದ. ಮೊದಲ ಪತ್ರಿಕೆಗೆ ನಾನು ಮಹಾತಾಯಿ, ಇವನ ಪತ್ರಿಕೆಗೆ ನಾಳೆ ಇನ್ನೇನೋ. ನನ್ನ ಊದುವಿಕೆ ಅವರಿಗೊಂದು ಸೀನು, ಇವನಿಗೊಂದು ಪ್ಯಾರಾ. ಅವತ್ತು ಕಿಟಕಿ ಮುಚ್ಚಿದ್ದು ತಪ್ಪು, ಟಿಕೆಟ್ ಇಕೋ ಎಂದು ಕೊಟ್ಟೆ. ಬರೆಯುವುದಕ್ಕೆ ಏನೂ ಕೊಡಲಿಲ್ಲ.

ಸಂಜೆಯ ಆಟಕ್ಕೂ ಸಭಾಂಗಣ ತುಂಬಿತ್ತು. ಸುದ್ದಿ ಹಬ್ಬಿ, ದೀಪ ಹಚ್ಚುವುದನ್ನು ನೋಡಲೆಂದೇ ಕೆಲವರು ಬಂದಿದ್ದರು. ಮಧ್ಯಂತರ ಕಳೆದ ಮೇಲೂ ಸೊಸೆ ಶಟರ್ ಎಳೆಯಲಿಲ್ಲ. ನಾಯಿ ಬೊಗಳಿದಾಗ, ಆಪರೇಟರ್ ಮೇಲಿನಿಂದ ಬೆಲ್ ಒತ್ತಿದ. ಎರಡು ಸಲ.

ದೀಪ ಹಚ್ಚಿ, ಹೋಗಿ ನಿಂತು ಬಂದೆ.